ಮಳೆಯ ಪುಸ್ತಕ

ಅರಿವು ಹಂಚಿದಷ್ಟೂ ಹೆಚ್ಚುವ ಸಂಪತ್ತು ಎಂಬ ಮಾತನ್ನು ಶಾಲೆಯಲ್ಲಿ ಕೇಳದೆ ಬೆಳೆದ ವಿದ್ಯಾರ್ಥಿ ಈ ನಾಡಿನಲ್ಲಿ ಇರಲಾರನು. ಆದರೆ ಹಂಚುವವರು ಯಾವಾಗಲೂ ಒಬ್ಬರೇ ಆಗಿ, ಕೈಯೊಡ್ಡುವವರು ಯಾವಾಗಲೂ ಇನ್ನೊಬ್ಬರೇ ಆದರೆ ಅದನ್ನು ಹಂಚಿಕೆಯೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಪಠ್ಯಪುಸ್ತಕಗಳು ಕೇಳುವುದಿಲ್ಲ. ಇಳಕಲ್ಲದಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ ಹಿರಿಯ ಶಿಕ್ಷಕರೊಬ್ಬರಿಗೆ ಈ ಪ್ರಶ್ನೆಯನ್ನು ಕೇಳಿದವಳು ಒಂಬತ್ತು ವರ್ಷದ ಒಬ್ಬ ಬಾಲಿಕೆ. ಕೇಳಿದ್ದು 1975ರಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ. ಅದಕ್ಕೆ ಉತ್ತರ ಹುಡುಕುವುದರಲ್ಲಿಯೇ ಗುರುಗಳ ಅರ್ಧ ಶತಮಾನ ಸಂದುಹೋಗಿದೆ.

ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಇವು ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇಳಕಲ್ಲ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಮಳೆಯನ್ನು ನಂಬಿ ಬದುಕುವ, ಮಳೆಯಿಂದ ಮೇಲಿಂದ ಮೇಲೆ ವಂಚಿತವಾಗುವ ಈ ಎರೆಯ ನಾಡಿಗೆ 1975ನೆಯ ಆಗಸ್ಟ್ 1ರಂದು ಆಕಾಶದಿಂದ ಒಂದು ಹೊಸ ಸಂಗತಿ ಇಳಿದುಬಂದಿತು. ಅದೇ ಸೈಟ್ ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಅಮೇರಿಕೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸುವ ಸಾಹಸ ಅದು. ಕರ್ನಾಟಕದಲ್ಲಿ ಅದಕ್ಕಾಗಿ ಆಯ್ದವು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು. ಈ ಕನಸನ್ನು ಕಂಡು ಒಪ್ಪಂದಕ್ಕೆ ದಾರಿ ಮಾಡಿದ ಡಾ. ವಿಕ್ರಮ್ ಸಾರಾಭಾಯಿಯವರು ಅದು ಕೈಗೂಡುವುದನ್ನು ನೋಡದೆ 1971ರಲ್ಲಿಯೇ ತೀರಿಕೊಂಡಿದ್ದರು. ದೊಡ್ಡ ನಗರಗಳಲ್ಲಿಯೇ ದೂರದರ್ಶನ ಅಪರೂಪವಾಗಿದ್ದ ಕಾಲದಲ್ಲಿ, ವಿದ್ಯುದ್ದೀಪವನ್ನೇ ಈಚೆಗೆ ಕಂಡಿದ್ದ ಹಳ್ಳಿಗಳಿಗೆ ಅದು ಬಂದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಶಾಲೆಯ ಮಗ್ಗುಲಿಗೆ ಕೋಳಿಗೂಡಿನ ತಂತಿಬಲೆಯಂಥ ಜಾಲರಿಯಿಂದ ಮಾಡಿದ ದೊಡ್ಡ ಕೊಡೆಯೊಂದು ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಿಗ್ಗೆ ಮಕ್ಕಳಿಗಾಗಿ ವಿಜ್ಞಾನದ ಪಾಠ. ಸಂಜೆ ಹಿರಿಯರಿಗಾಗಿ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆಗಳ ವಿಷಯ. ಕನ್ನಡದ ಕಾರ್ಯಕ್ರಮಗಳು ತೆಲುಗಿನ ಕಾರ್ಯಕ್ರಮಗಳ ಜೊತೆಯಲ್ಲಿ ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಒಂದೇ ಚಿತ್ರದೊಂದಿಗೆ ಎರಡು ಭಾಷೆಗಳ ಧ್ವನಿಯನ್ನು ಕಳಿಸುವ ಅನುಕೂಲವೂ ಆ ವ್ಯವಸ್ಥೆಯಲ್ಲಿತ್ತು. ಅದೇ ಉಪಗ್ರಹದ ಮೂಲಕ ಹತ್ತಾರು ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ನೀಡಲಾಯಿತು. ಆಗ ತರುಣರಾಗಿದ್ದ ಈ ಗುರುಗಳೂ ಅವರಲ್ಲೊಬ್ಬರು. ಕಪ್ಪುಹಲಗೆ, ಸುಣ್ಣದ ಕಡ್ಡಿಗಳ ಹೊರತು ಬೇರೆ ಉಪಕರಣವಿಲ್ಲದ ಶಾಲೆಯಲ್ಲಿ ಡಬ್ಬಿ, ದಾರ, ಕನ್ನಡಿಯ ಚೂರುಗಳಿಂದಲೇ ವಿಜ್ಞಾನವನ್ನು ಕಲಿಸಬಹುದೆಂಬ ಧೈರ್ಯ ತಮಗೆ ಬಂದದ್ದು ಆ ದಿನಗಳಿಂದ ಎಂದು ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಒಂದು ಸಂಜೆ ಕಾರ್ಯಕ್ರಮ ಮುಗಿದು ಜನರೆಲ್ಲ ಚದರಿದ ಮೇಲೆ, ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ ಗುರುಗಳ ಬಳಿಗೆ ಆ ಬಾಲಿಕೆ ಬಂದಳು. 1972ರ ಬರಗಾಲದಲ್ಲಿ ಅವಳ ತಾಯಿ ಸರಕಾರದ ಕಾಮಗಾರಿಯಲ್ಲಿ ಕಲ್ಲು ಒಡೆದವಳು. ಬರವೆಂದರೇನೆಂಬುದನ್ನು ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮಾಸ್ತರ್ರ, ಆ ಪೆಟ್ಟಿಗ್ಯಾಗಿನ ಮಂದಿಗೆ ನಾವು ಕಾಣತೀವೇನ್ರೀ?”

“ಇಲ್ಲವ್ವ. ಅವ್ರು ನಮಗ ಕಾಣತಾರ. ನಾವು ಅವ್ರಿಗೆ ಕಾಣೂದಿಲ್ಲ.”

“ಹಂಗಾದ್ರ ನಮ್ಮೂರಾಗ ಮಳಿ ಆಗಿಲ್ಲಂತ ಅವ್ರಿಗೆ ಹೆಂಗ ಗೊತ್ತಾಗತೈತ್ರೀ?”

ಗುರುಗಳು ನಿರುತ್ತರರಾದರು. ಬಿತ್ತನೆಯ ಕ್ರಮವನ್ನು ಅಷ್ಟು ಸೊಗಸಾಗಿ ಹೇಳಿಕೊಟ್ಟವರಿಗೆ ಈ ಊರಿನಲ್ಲಿ ಬಿತ್ತಲು ಹಸಿಯೇ ಇಲ್ಲವೆಂಬುದು ತಿಳಿದಿರಲಿಲ್ಲ. ಅದು ಅವರ ತಪ್ಪೂ ಆಗಿರಲಿಲ್ಲ. ಮೇಲಿನಿಂದ ಕೆಳಗೆ ಬರುವ ದಾರಿ ಒಂದಿತ್ತು. ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಇರಲಿಲ್ಲ.

1976ನೆಯ ಜುಲೈ 31ಕ್ಕೆ ಪ್ರಯೋಗದ ಅವಧಿ ತೀರಿತು. ಉಪಗ್ರಹ ಎರವಲಿನದು, ಒಡೆಯರು ಅದನ್ನು ತಮ್ಮತ್ತ ಸರಿಸಿಕೊಂಡರು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೊಂದು ಆರಂಭವಾಯಿತಾದರೂ ಅದರ ಅಲೆಗಳು ಈ ಊರಿನವರೆಗೆ ಬರಲಿಲ್ಲ. ಕೊಡೆ ಮಾತ್ರ ಕೆಲವು ದಿನ ಆಕಾಶವನ್ನು ನೋಡುತ್ತ ನಿಂತಿತ್ತು. ಆ ಮಳೆಗಾಲದಲ್ಲಿಯೇ ಗುರುಗಳು ಒಂದು ತಗಡಿನ ಡಬ್ಬಿಯನ್ನು ಶಾಲೆಯ ಬಯಲಿನಲ್ಲಿ ನೆಟ್ಟು, ಬಿದ್ದ ಮಳೆಯನ್ನು ಅಳತೆಪಟ್ಟಿಯಿಂದ ಅಳೆದು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಲು ಮಕ್ಕಳಿಗೆ ಕಲಿಸಿದರು. ಮೊದಲನೆಯ ಪುಟದ ಅಂಕಿಗಳು ಆ ಬಾಲಿಕೆಯ ಕೈಬರಹದಲ್ಲಿವೆ. ಏಳನೆಯ ತರಗತಿ ಮುಗಿಸಿ ಅವಳು ಮದುವೆಯಾಗಿ ಹೋದಳು. ಅವಳು ಆರಂಭಿಸಿದ ಪುಸ್ತಕ ಉಳಿಯಿತು. ಗುರುಗಳಿಗೆ ವರ್ಗವಾದಂತೆಲ್ಲ ಡಬ್ಬಿಯೂ ಪುಸ್ತಕವೂ ಅವರೊಡನೆ ಊರಿಂದೂರಿಗೆ ನಡೆದವು.

ಎರಡು ವರ್ಷಗಳ ಅಂಕಿಗಳನ್ನು ಒಮ್ಮೆ ಅವರು ಒಂದು ಕಚೇರಿಗೆ ಕೊಂಡೊಯ್ದರು. ಅಲ್ಲಿಯ ಗುಮಾಸ್ತರು ಆದರದಿಂದ ಕುಳ್ಳಿರಿಸಿ, ಚಹಾ ತರಿಸಿ, ತಾಲ್ಲೂಕಿನ ಕೇಂದ್ರದಲ್ಲಿ ಸರಕಾರದ ಮಳೆಮಾಪಕವಿರುವುದಾಗಿಯೂ, ಅದರ ಅಂಕಿಯೇ ತಾಲ್ಲೂಕಿನ ಮಳೆಯೆಂದೂ ತಿಳಿಸಿದರು. ತಾಲ್ಲೂಕಿನ ಕೇಂದ್ರದಲ್ಲಿ ಮಳೆಯಾದ ದಿನ ತಮ್ಮ ಊರಿನಲ್ಲಿ ಧೂಳು ಹಾರಿದ ಸಂಗತಿ ಪುಸ್ತಕದಲ್ಲಿದೆ ಎಂದು ಗುರುಗಳು ಹೇಳಿದರು. ಅದನ್ನು ದಾಖಲಿಸುವ ನಮೂನೆ ಇಲ್ಲವೆಂದು ಗುಮಾಸ್ತರು ವಿಷಾದಿಸಿದರು. ಪುಸ್ತಕ ಮರಳಿ ಕೈಚೀಲವನ್ನು ಸೇರಿತು.

ಮುಂದೆ ಹುನಗುಂದ ಭಾಗದ ಶಾಲೆಯೊಂದಕ್ಕೆ ಬಂದಾಗ ಗುರುಗಳು ಪ್ರತಿವರ್ಷ ಮಕ್ಕಳನ್ನು ಬಾದಾಮಿ, ಐಹೊಳೆಗಳಿಗೆ ಕರೆದೊಯ್ಯುತ್ತಿದ್ದರು. ಅವರಿಗೆ ಅಲ್ಲಿಯ ಕಲ್ಲುಗಳೂ ಸುದ್ದಿಯನ್ನು ಸಾರುವ ಸಾಧನಗಳಾಗಿಯೇ ಕಾಣತೊಡಗಿದ್ದವು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ 543ರಲ್ಲಿ ಬರೆಯಿಸಿದ್ದು ಕೋಟೆ ಕಟ್ಟಿದ ರಾಜನ ಕೀರ್ತಿಯನ್ನು; ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದದ್ದು ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು. ಇವೆರಡೂ ಸಂಸ್ಕೃತದಲ್ಲಿವೆ, ಎರಡೂ ಎತ್ತರದಿಂದ ಆಡಿದ ಮಾತುಗಳು. ಆದರೆ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕಾಲದ ಒಂದು ಚಿಕ್ಕ ಶಾಸನ ಕನ್ನಡದಲ್ಲಿದೆ. ದೇವರಿಗೆ ಹೂಮಾಲೆ ಕಟ್ಟುವವರಿಗೆ ಸಲ್ಲಬೇಕಾದ ದತ್ತಿಯ ಪಾಲನ್ನು ಅದು ಹೇಳುತ್ತದೆ. ಅರಸನ ಕೀರ್ತಿಗೆ ಸಂಸ್ಕೃತ ಸಾಕಾಗಿತ್ತು; ಮಾಲೆಗಾರರ ಹಕ್ಕಿಗೆ ಮಾಲೆಗಾರರ ನುಡಿ ಬೇಕಾಯಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 15 ರೂಪಾಯಿಗೆ ಒಂದರಂತೆ ಕನ್ನಡದಲ್ಲಿಯೇ ರೈತರ ಕೈಗೆ ಕೊಡತೊಡಗಿದಾಗ ಗುರುಗಳಿಗೆ ನೆನಪಾದದ್ದು ಆ ಗುಹೆಯ ಶಾಸನವೇ. ಹಕ್ಕಿನ ದಾಖಲೆ ಹಕ್ಕುದಾರನಿಗೆ ಓದಲು ಬರುವಂತಿರಬೇಕೆಂಬ ವಿವೇಕ ಈ ನೆಲಕ್ಕೆ ಹೊಸದಲ್ಲ.

ಐಹೊಳೆ ಇನ್ನೂ ಒಂದು ಪಾಠವನ್ನು ಹೇಳುತ್ತದೆ. ಇಂದು ಮಲಪ್ರಭೆಯ ದಡದ ಚಿಕ್ಕ ಗ್ರಾಮವಾಗಿರುವ ಆ ಊರಿನ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಶತಮಾನಗಳ ಕಾಲ ದಕ್ಷಿಣ ಭಾರತದಲ್ಲೆಲ್ಲ ವ್ಯಾಪಾರ ನಡೆಸಿತು. ಕನ್ನಡ ನಾಡಿನಲ್ಲಿ ಅವರ ಶಾಸನಗಳು ಕನ್ನಡದಲ್ಲಿವೆ, ತಮಿಳು ನಾಡಿನಲ್ಲಿ ತಮಿಳಿನಲ್ಲಿವೆ. ಕಡಲಾಚೆಯ ಸುಮಾತ್ರಾ ದ್ವೀಪದ ಬಾರೂಸ್ ಬಳಿ 1088ರ ತಮಿಳು ಶಾಸನವೊಂದರಲ್ಲಿ ಐನೂರ್ವರ ಹೆಸರಿದೆ. ಸರಕು ಹೋದಲ್ಲಿ ಸುದ್ದಿಯೂ ಹೋಗಿರಲೇಬೇಕು. ಯಾವ ಹಾದಿ ಸುರಕ್ಷಿತ, ಯಾವ ಸಂತೆಯಲ್ಲಿ ಯಾವುದಕ್ಕೆ ಬೇಡಿಕೆ, ಎಲ್ಲಿ ಬರ, ಎಲ್ಲಿ ಸಮೃದ್ಧಿ ಎಂಬುದನ್ನು ಅರಿಯದೆ ಅಷ್ಟು ದೂರದ ವ್ಯಾಪಾರ ಸಾಗುವಂತಿಲ್ಲ. ಅದು ಹೋಗುವ ಸುದ್ದಿಯೂ ಬರುವ ಸುದ್ದಿಯೂ ಕೂಡಿದ ಜಾಲ. ವರ್ತಕನು ತನ್ನ ಲಾಭಕ್ಕಾಗಿಯಾದರೂ ನೆರೆಯವನ ಮಾತನ್ನು ಕೇಳಲೇಬೇಕಾಗಿತ್ತು.

ಸ್ವತಂತ್ರವಾದ ಬಡ ರಾಷ್ಟ್ರಗಳು ಇಂಥ ಜಾಲವನ್ನು ಮತ್ತೆ ಕಟ್ಟಲು ಯತ್ನಿಸಿದ ಇತಿಹಾಸವನ್ನು ಗುರುಗಳು ವೃತ್ತಪತ್ರಿಕೆಗಳಿಂದ ಕತ್ತರಿಸಿ, ಮಳೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಅಂಟಿಸುತ್ತ ಬಂದಿದ್ದಾರೆ. 1986ರ ನವೆಂಬರಿನಲ್ಲಿ ದಕ್ಷಿಣ ಏಷ್ಯಾದ ಏಳು ರಾಷ್ಟ್ರಗಳ ಸಾರ್ಕ್ ಸಂಘದ ಎರಡನೆಯ ಶೃಂಗಸಭೆ ಬೆಂಗಳೂರಿನಲ್ಲಿಯೇ ಸೇರಿತು. ನೆರೆರಾಷ್ಟ್ರಗಳ ಆಕಾಶವಾಣಿ, ದೂರದರ್ಶನಗಳು ಪರಸ್ಪರ ಕಾರ್ಯಕ್ರಮಗಳನ್ನು ಕೊಟ್ಟು ತೆಗೆದುಕೊಳ್ಳುವ ಯೋಜನೆಗೆ ಅಲ್ಲಿ ಒಪ್ಪಿಗೆ ದೊರೆತು, 1987ರಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. 1995ರಲ್ಲಿ ಢಾಕಾದಲ್ಲಿ ಸಾರ್ಕಿನ ಹವಾಮಾನ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. 2003ರಲ್ಲಿ ಜಿನೀವಾದಲ್ಲಿ, 2005ರಲ್ಲಿ ಟ್ಯುನಿಸ್‌ನಲ್ಲಿ ಜಗತ್ತಿನ ರಾಷ್ಟ್ರಗಳೆಲ್ಲ ಸೇರಿ ‘ಮಾಹಿತಿ ಸಮಾಜ’ದ ಕುರಿತು ಸಮಾಲೋಚಿಸಿದವು. 2017ನೆಯ ಮೇ 5ರಂದು ಭಾರತವು ದಕ್ಷಿಣ ಏಷ್ಯಾದ ನೆರೆಹೊರೆಗಾಗಿಯೇ ಜಿಸ್ಯಾಟ್-9 ಎಂಬ ಉಪಗ್ರಹವನ್ನು ಹಾರಿಸಿ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ದೀವ್ಸ್, ಅಫ್ಘಾನಿಸ್ತಾನಗಳಿಗೆ ಅದರ ಪ್ರಯೋಜನವನ್ನು ತೆರೆದಿಟ್ಟಿತು. ಭಾರತದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಪ್ರಧಾನ ಕೇಂದ್ರ ಕರ್ನಾಟಕದ ಹಾಸನದಲ್ಲಿದೆ. 1975ರಲ್ಲಿ ಎರವಲು ಪಡೆದ ದೇಶ 42 ವರ್ಷಗಳಲ್ಲಿ ನೆರೆಯವರಿಗೆ ಕೊಡುವ ದೇಶವಾಯಿತೆಂಬುದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಅದೇ ಪುಟಗಳಲ್ಲಿ ಬೇರೆ ಸುದ್ದಿಗಳೂ ಇವೆ. ಪಾಕಿಸ್ತಾನ ಆ ಉಪಗ್ರಹದ ಯೋಜನೆಯಿಂದ ಹೊರಗುಳಿಯಿತು. 2014ರ ಕಠ್ಮಂಡು ಸಭೆಯ ತರುವಾಯ ಸಾರ್ಕ್ ಶೃಂಗಸಭೆ ಬಹುಕಾಲ ಸೇರಲೇ ಇಲ್ಲ. ಢಾಕಾದ ಹವಾಮಾನ ಕೇಂದ್ರವೂ ಮುಚ್ಚಿತು. ಬ್ರಹ್ಮಪುತ್ರಾ ನದಿಯ ನೆರೆಯ ಅಂಕಿಗಳನ್ನು ಮಳೆಗಾಲದಲ್ಲಿ ಕೊಡುವ ಕುರಿತು ಚೀನಾ 2002ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತ್ತು. ಗಡಿಯಲ್ಲಿ ಸೇನೆಗಳು ಎದುರುಬದುರಾದ 2017ರ ಮಳೆಗಾಲದಲ್ಲಿ ಆ ಅಂಕಿಗಳು ಬರಲಿಲ್ಲ, 2018ರಲ್ಲಿ ಮತ್ತೆ ಬಂದವು. ಯಂತ್ರ ಕೆಟ್ಟರೆ ಮಾಹಿತಿ ಒಂದು ದಿನ ನಿಲ್ಲುತ್ತದೆ. ಮನಸ್ಸು ಕೆಟ್ಟರೆ ಒಂದು ಮಳೆಗಾಲವೇ ನಿಲ್ಲುತ್ತದೆ.

ಇತ್ತ ಬಾಲಿಕೆಯ ಪ್ರಶ್ನೆಗೂ ಕಾಲಕ್ರಮದಲ್ಲಿ ಒಂದು ಉತ್ತರ ಬಂದಿತು. ಕರ್ನಾಟಕವು 1988ರಲ್ಲಿ ಬರಗಾಲವನ್ನು ಗಮನಿಸಲೆಂದೇ ಒಂದು ಘಟಕವನ್ನು ಸ್ಥಾಪಿಸಿತು. ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಆ ಸಂಸ್ಥೆ, ಗ್ರಾಮ ಪಂಚಾಯಿತಿಗೆ ಒಂದರಂತೆ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು. ಅವು 15 ನಿಮಿಷಗಳಿಗೊಮ್ಮೆ ತಮ್ಮ ಅಂಕಿಯನ್ನು ಬೆಂಗಳೂರಿಗೆ ಕಳಿಸುತ್ತವೆ. ‘ವರುಣಮಿತ್ರ’ವೆಂಬ ದೂರವಾಣಿ ಸೇವೆಯ ಮೂಲಕ ರೈತನು ತನ್ನ ಊರಿನ ಮಳೆಯ ವಿಷಯವನ್ನು ಕೇಳಿ ತಿಳಿಯುವಂತಾಯಿತು. ಪಂಚಾಯಿತಿಯ ಆವರಣದಲ್ಲಿ ಆ ಯಂತ್ರವನ್ನು ಮೊದಲ ಸಲ ಕಂಡ ದಿನ ಗುರುಗಳು ಬಹಳ ಹೊತ್ತು ಅದರೆದುರು ನಿಂತಿದ್ದರು. ಈ ಊರಿನಲ್ಲಿ ಮಳೆಯಾಗಿಲ್ಲವೆಂಬುದು ಈಗ ಅವರಿಗೆ ಗೊತ್ತಾಗುತ್ತದೆ. ಡಬ್ಬಿಯ ಕೆಲಸ ಮುಗಿಯಿತೆಂದು ಅವರು ಭಾವಿಸಿದರು.

ಹಾಗೆ ಭಾವಿಸಿದ್ದು ಸರಿಯಲ್ಲವೆಂಬುದನ್ನು 2019ರ ಆಗಸ್ಟ್ ತಿಂಗಳು ತೋರಿಸಿತು. ಪಶ್ಚಿಮಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳಲ್ಲಿ ಏಕಕಾಲಕ್ಕೆ ಉಕ್ಕಿ ಬಂದಿತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಜಲಾಶಯವನ್ನು ದಾಟಿ, ಬಾದಾಮಿ, ಹುನಗುಂದ ಸೀಮೆಗಳ ಹಳ್ಳಿಗಳನ್ನು ಹೊಕ್ಕಿತು. ಪಟ್ಟದಕಲ್ಲು, ಐಹೊಳೆಗಳ ಗುಡಿಗಳ ಸುತ್ತ ನೀರು ನಿಂತಿತು. ಬಾಗಲಕೋಟೆಯವರಿಗೆ ನೀರಿನ ಭಯ ಹೊಸದಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳನ್ನೇ ಬಿಟ್ಟುಕೊಟ್ಟು ನವನಗರವನ್ನು ಸೇರಿದ ಜನ ಅವರು. ಆದರೆ ಹಿನ್ನೀರು ವರ್ಷಗಟ್ಟಲೆ ಮೊದಲೇ ಹೇಳಿ ಬಂದಿತ್ತು. ಈ ನೆರೆ ದಿನಗಳ ಲೆಕ್ಕದಲ್ಲಿ ಬಂದಿತು. ಮುಳುಗಿದ ಊರಿನ ಮಳೆಮಾಪಕ ಮುಳುಗುವುದನ್ನು ಹೇಳಲಾರದಾಗಿತ್ತು. ಏಕೆಂದರೆ ಆ ನೀರು ಆ ಊರಿನ ಮಳೆಯದಾಗಿರಲಿಲ್ಲ.

ರೊಟ್ಟಿಯ ಗಂಟುಗಳನ್ನು ಹೊತ್ತ ತರುಣರೊಡನೆ ಗುರುಗಳು ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದರು. ಆ ಬಾಲಿಕೆಯ ಈಡಿನವಳೇ ಇರಬಹುದಾದ ಹೆಂಗಸೊಬ್ಬಳು ಶಾಲೆಯ ಜಗಲಿಯ ಮೇಲೆ ಕುಳಿತು ಹೇಳಿದಳು: “ನೀರು ಬರತೈತಿ ಅಂತ ಹೇಳಿದ್ರು ಖರೇ. ಎಷ್ಟು ಬರತೈತಿ ಅಂತ ತಿಳೀಲಿಲ್ರೀ. ಹೊಸ್ತಿಲಿಗೆ ಬಂದು ಹೊಕ್ಕೈತಿ ಅಂದ್ಕೊಂಡು ಜ್ವಾಳ ಅಟ್ಟದ ಮ್ಯಾಲ ಇಟ್ಟು ಬಂದ್ವಿ.” ಅಟ್ಟವೂ ಮುಳುಗಿತ್ತು. ವರ್ಷದ ಕೂಳು ಹಾಳಾದದ್ದು ಸುದ್ದಿಯ ಅಭಾವದಿಂದಲ್ಲ, ಅಳತೆಯ ಅಭಾವದಿಂದ. ಅಂದು ರಾತ್ರಿ ಮನೆಗೆ ಮರಳಿದ ಗುರುಗಳು ಮಳೆಯ ಪುಸ್ತಕವನ್ನು ತೆರೆದು, ನಲವತ್ತಮೂರು ವರ್ಷಗಳ ಅಂಕಿಗಳನ್ನು ಮತ್ತೆ ನೋಡಿದರು. ಅವೆಲ್ಲವೂ ತಾವಿದ್ದ ಊರುಗಳ ಮಳೆ. ಮೇಲಿನ ಊರಿನವರನ್ನು ಕೇಳಿ ಬರೆದ ಒಂದು ಅಂಕಿಯೂ ಅದರಲ್ಲಿರಲಿಲ್ಲ. ದೂರದವರು ತಮ್ಮನ್ನು ಕಾಣಲಿಲ್ಲವೆಂದು ಕೊರಗಿದವರು ತಾವೂ ನೆರೆಯವರನ್ನು ಕಂಡಿರಲಿಲ್ಲ.

ಅದೇ ನೆರೆಯಲ್ಲಿ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಲಾಪುರಗಳೂ ಮುಳುಗಿದ್ದವು. ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಅತ್ತಣವರು, ಕೊಯ್ನಾದಿಂದ ಬಿಟ್ಟ ನೀರೇ ಕಾರಣವೆಂದು ಇತ್ತಣವರು ಹೇಳತೊಡಗಿದರು. ಎರಡೂ ದಡಗಳಲ್ಲಿ ಮುಳುಗಿದವರು ಮಾತ್ರ ಒಂದೇ ಬಗೆಯ ಒಕ್ಕಲಿಗರು, ಒಂದೇ ಬಗೆಯ ನೇಕಾರರು. 2021ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು, ಮಳೆಗಾಲದಲ್ಲಿ ಜಲಾಶಯಗಳ ನೀರನ್ನು ಬಿಡುವ ವಿಷಯದಲ್ಲಿ ಎರಡೂ ರಾಜ್ಯಗಳು ಹೊಂದಿಕೊಂಡು ನಡೆಯುವ ಕುರಿತು ಕರ್ನಾಟಕದ ಮುಖ್ಯಮಂತ್ರಿಗಳೊಡನೆ ಸಮಾಲೋಚಿಸಿದರು. ಜಿನೀವಾ, ಟ್ಯುನಿಸ್‌ಗಳ ಘೋಷಣೆಗಳಿಗಿಂತ ಕೃಷ್ಣೆಯ ದಡದವರಿಗೆ ಇಂಥ ಒಂದು ಮಾತುಕತೆ ಹೆಚ್ಚು ಬೆಲೆಯುಳ್ಳದ್ದು. ಸಹಕಾರವೆಂದರೆ ಕೊನೆಗೆ, ಎಷ್ಟು ನೀರನ್ನು ಯಾವ ಗಳಿಗೆಯಲ್ಲಿ ಬಿಡುತ್ತೇವೆಂದು ಮೇಲಿನವನು ಹೇಳುವುದು. ಎಲ್ಲಿಯವರೆಗೆ ಬಂದಿದೆ, ಇನ್ನು ತಡೆಯಲಾರೆವೆಂದು ಕೆಳಗಿನವನು ಹೇಳುವುದು. ಇಬ್ಬರೂ ಒಬ್ಬರ ಅಂಕಿಯನ್ನೊಬ್ಬರು ನಂಬುವುದು.

ದಾಸೋಹದ ಪಂಕ್ತಿಯಲ್ಲಿ ಇಂದು ಉಂಡವನು ನಾಳೆ ಬಡಿಸುತ್ತಾನೆ. ಆದುದರಿಂದಲೇ ಅದು ಭಿಕ್ಷೆಯಾಗದೆ ದಾಸೋಹವಾಗಿ ಉಳಿದಿದೆ. ಅರಿವಿನ ಹಂಚಿಕೆಗೂ ಇದಕ್ಕಿಂತ ಬೇರೆ ನಿಯಮವಿರಲಾರದು. ಗಣಕಯಂತ್ರಗಳನ್ನು ಕೊಡುವ ದಾನಿಗಳು ಧನ್ಯರು. ಆದರೆ ಅವುಗಳಿಂದ ದೂರದ್ದನ್ನು ನೋಡುವುದನ್ನಷ್ಟೇ ಕಲಿತ ಮಕ್ಕಳು 1975ರ ಅಂಗಳದಲ್ಲಿಯೇ ಕುಳಿತಿರುತ್ತಾರೆ. ತಮ್ಮ ಊರಿನ ಬಾವಿಯ ಮಟ್ಟ, ಹೊಳೆಯ ಮಟ್ಟ, ಮಳೆಯ ಅಳತೆಗಳನ್ನು ತಪ್ಪಿಲ್ಲದೆ ಬರೆದು ಕೆಳಗಿನ ಊರಿನ ಶಾಲೆಗೆ ತಿಳಿಸುವ, ಮೇಲಿನ ಊರಿನ ಶಾಲೆಯಿಂದ ಕೇಳಿ ತಿಳಿಯುವ ಮಕ್ಕಳೇ ಮಾಹಿತಿ ಸಮಾಜದ ನಿಜವಾದ ಸದಸ್ಯರು. ಈ ಕಾರ್ಯಕ್ಕೆ ಹೆಚ್ಚಿನ ವೆಚ್ಚವಿಲ್ಲ. ಶಿಕ್ಷಕರ ಶ್ರದ್ಧೆಯೊಂದು ಬೇಕು.

ಕಳೆದ ಮಳೆಗಾಲಕ್ಕೆ ಮುನ್ನ ಗುರುಗಳು ಪುಸ್ತಕವನ್ನು ಇಳಕಲ್ಲದ ಮನೆಯಿಂದ ತೆಗೆದುಕೊಂಡು ಹೋಗಿ, ಮಲಪ್ರಭೆಯ ದಡದ ಒಂದು ಶಾಲೆಯ ಮಕ್ಕಳಿಗೆ ಒಪ್ಪಿಸಿ ಬಂದರು. ಬರೆಯದೆ ಉಳಿದಿದ್ದ ಪುಟಗಳಲ್ಲಿ ಮಕ್ಕಳು ಈಗ ಎರಡು ಮನೆಗಳನ್ನು ಗೆರೆ ಎಳೆದು ಮಾಡಿಕೊಂಡಿದ್ದಾರೆ. ಒಂದರ ತಲೆಬರಹ ‘ನಮ್ಮೂರು’; ಇನ್ನೊಂದರದು ‘ಮ್ಯಾಲಿನೂರು’.